ಹತ್ತಿ ವ್ಯಾಪಾರಿಯ ಬಿಳಿ ಬಳ್ಳಿ

"ಗುರುಗಳೇ, ಓದು ತಲೆಗೆ ಹತ್ತದವರನ್ನು ಮಠದಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ?"

ಕೇಳಿದವನು ಚನ್ನಮಲ್ಲ. ಮಠದ ಹದಿನಾಲ್ಕು ಮಂದಿ ಶಿಷ್ಯರಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದಿದವನು, ಎಲ್ಲರಿಗಿಂತ ಚೆನ್ನಾಗಿ ಮಾತಾಡುವವನು. ಮೂರು ದಿನದ ಹಿಂದೆ ಪಕ್ಕದ ಊರಿನ ಸಭೆಯಲ್ಲಿ ಅವನು ಒಂದು ತಾಸು ಮಾತಾಡಿದ್ದ. ಕೂತವರು ಏಳಲಿಲ್ಲ, ನಿಂತವರು ಕದಲಲಿಲ್ಲ. ಹಿರಿಯರೊಬ್ಬರು ತಮ್ಮ ಹೆಗಲ ಶಾಲು ತೆಗೆದು ಅವನಿಗೆ ಹೊದಿಸಿದ್ದರು. ಆ ಶಾಲು ಈಗಲೂ ಅವನ ಮೈಮೇಲೇ ಇತ್ತು. ಸೆಕೆಯ ದಿನ ಬೇರೆ.

"ಹತ್ತದವರು ಎಂದರೆ ಯಾರು?" ಎಂದು ಗುರುಗಳು ಕೇಳಿದರು.

"ನಮ್ಮಲ್ಲಿ ನಾಲ್ವರಿಗೆ ವಿದ್ಯೆ ಬರುತ್ತದೆ. ಉಳಿದ ಹತ್ತು ಮಂದಿಗೆ ಬರುವುದಿಲ್ಲ. ವರ್ಷ ಕಳೆದರೂ ಒಂದು ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸಲಾರರು. ಅವರನ್ನು ಮನೆಗೆ ಕಳಿಸಿ, ವಿದ್ಯೆ ಬರುವವರನ್ನಷ್ಟೇ ಇಟ್ಟುಕೊಂಡರೆ ಈ ಮಠದ ಹೆಸರು ನಾಡಿಗೆಲ್ಲ ಹಬ್ಬುತ್ತದೆ. ಮಠದ ಮೇಲೆ ನನಗೆ ಹೆಮ್ಮೆ ಇದೆ. ಅದಕ್ಕೇ ಕೇಳುತ್ತಿದ್ದೇನೆ."

ಗುರುಗಳಿಗೆ ಸಿಟ್ಟು ಬರಲಿಲ್ಲ. "ಹೆಮ್ಮೆ ಇರಲಿ. ಹೆಮ್ಮೆ ಇಲ್ಲದವನ ಕೈಯಲ್ಲಿ ಒಂದು ಗಿಡವೂ ನೆಟ್ಟಗೆ ಬೆಳೆಯುವುದಿಲ್ಲ. ಹೆಮ್ಮೆಯಲ್ಲಿ ನಿನ್ನನ್ನೂ ಮೀರಿಸಿದ ಒಬ್ಬ ವ್ಯಾಪಾರಿ ಇದ್ದ. ಅವನ ಕತೆ ಹೇಳುತ್ತೇನೆ, ಕೂತುಕೋ. ಆ ಶಾಲು ತೆಗೆ, ಬೆವರುತ್ತಿದ್ದೀಯ" ಎಂದರು.

ಚನ್ನಮಲ್ಲ ಶಾಲು ಮಡಿಸಿ ಪಕ್ಕಕ್ಕಿಟ್ಟು ಕೂತ. ಗುರುಗಳು ಹೇಳತೊಡಗಿದರು.

ಎರೆ ನೆಲದಲ್ಲಿ ಒಂದು ಊರು. ಹತ್ತಿಯ ಪೇಟೆಗೆ ಹೆಸರಾದ ಊರು. ಅಲ್ಲಿ ಒಬ್ಬ ಹತ್ತಿ ವ್ಯಾಪಾರಿ ಇದ್ದ.

ಹತ್ತಿ ಬೆಳ್ಳಗಿರುತ್ತದೆ ಎಂದು ನಾವು ತಿಳಿದಿದ್ದೇವೆ. ಹೊಲದಿಂದ ಬರುವಾಗ ಅದು ಅಷ್ಟು ಬೆಳ್ಳಗಿರುವುದಿಲ್ಲ. ಒಣ ಎಲೆಯ ಚೂರು, ತೊಟ್ಟು, ಕಡ್ಡಿ ಎಲ್ಲ ಸೇರಿರುತ್ತದೆ. ಕೆಲವು ವ್ಯಾಪಾರಿಗಳು ಅಂಡಿಗೆಯಲ್ಲಿ, ಅಂದರೆ ಹತ್ತಿ ತುಂಬುವ ದೊಡ್ಡ ಚೀಲದಲ್ಲಿ, ಮೇಲಕ್ಕೆ ಒಳ್ಳೆಯ ಹತ್ತಿ ಇಟ್ಟು ನಡುವೆ ಕಸದ ಹತ್ತಿ ತುಂಬುತ್ತಾರೆ. ಈ ವ್ಯಾಪಾರಿ ಜನ್ಮದಲ್ಲಿ ಆ ಕೆಲಸ ಮಾಡಿದವನಲ್ಲ. ಅವನ ಅಂಡಿಗೆಯ ಮೇಲೆ ಏನಿತ್ತೋ ನಡುವೆಯೂ ಅದೇ ಇತ್ತು. ಅವನ ಗುರುತು ಬಿದ್ದ ಅಂಡಿಗೆಯನ್ನು ಗಿರಣಿಯವರು ಬಿಚ್ಚಿ ನೋಡುತ್ತಿರಲಿಲ್ಲ. ಅದು ಅವನ ಹೆಮ್ಮೆ. ನ್ಯಾಯವಾದ ಹೆಮ್ಮೆ.

ಅವನ ಕಣ್ಣು ಅಷ್ಟು ಪಳಗಿತ್ತು. ಹಿಡಿ ಹತ್ತಿಯಲ್ಲಿ ಸಾಸಿವೆಯಷ್ಟು ಎಲೆಚೂರು ಇದ್ದರೂ ಬೆರಳು ನೇರವಾಗಿ ಅಲ್ಲಿಗೇ ಹೋಗುತ್ತಿತ್ತು. ಊಟಕ್ಕೆ ಕೂತರೆ ಅನ್ನದೊಳಗಿನ ಕರಿಬೇವನ್ನು ಮೊದಲು ಹೆಕ್ಕಿ ಆಚೆಗಿಟ್ಟು ಆಮೇಲೆ ತುತ್ತು ಕಲಸುತ್ತಿದ್ದ. ಅವನ ಹೆಂಡತಿ ಒಗ್ಗರಣೆಗೆ ಕರಿಬೇವು ಹಾಕುವುದನ್ನೇ ಬಿಟ್ಟಿದ್ದಳು.

ಆ ಊರಿನ ಕೆಲವರಿಗೆ ಒಂದು ಚಟವಿತ್ತು. ಅಲ್ಲಿನ ಬಿಸಿಲು ಹೊರಗೆ ತುಳಸಿಯನ್ನೂ ಬದುಕಗೊಡುವುದಿಲ್ಲ. ಹಾಗಾಗಿ ಅವರು ಮನೆಯೊಳಗೆ ಗಿಡ ಬೆಳೆಸುತ್ತಿದ್ದರು. ಎಲ್ಲರ ಮನೆಯಲ್ಲೂ ಇರುವ ಗಿಡವಲ್ಲ. ಕಂಡವರು ನಿಂತು ನೋಡಬೇಕು, ಅಂಥ ಗಿಡ. ಒಬ್ಬ ವಕೀಲನ ಮನೆಯಲ್ಲಿ ನೊಣ ನುಂಗುವ ಗಿಡವಿತ್ತು. ಎಲೆಯ ತುದಿಯಲ್ಲಿ ಮುಚ್ಚಳವಿರುವ ಗಿಂಡಿ, ಅದರೊಳಗೆ ಬಿದ್ದ ನೊಣ ಮೇಲೆ ಬರುತ್ತಿರಲಿಲ್ಲ. ಒಬ್ಬ ಮೇಷ್ಟರ ಮನೆಯಲ್ಲಿ ಹರಳುಕಲ್ಲಿನ ಹಾಗೆ ಕಾಣುವ ಗಿಡವಿತ್ತು. ಬಂದ ನೆಂಟರ ಮಗು ಅದನ್ನು ಕಿತ್ತು ಕಲ್ಲಾಟ ಆಡಿದ ಮೇಲೆ ಮೇಷ್ಟರು ನೆಂಟರನ್ನು ಕರೆಯುವುದು ಕಡಿಮೆ ಮಾಡಿದರು. ಇನ್ನೊಬ್ಬರ ಗಿಡ ಏಳು ವರ್ಷ ಸುಮ್ಮನಿದ್ದು ಎಂಟನೆಯ ವರ್ಷ ಹೂ ಬಿಟ್ಟಿತು. ಆ ಹೂವಿಗೆ ಸತ್ತ ಇಲಿಯ ವಾಸನೆ. ಅವರ ಮನೆಯಾಕೆ ಎರಡು ದಿನ ಅಟ್ಟದ ಮೇಲೆಲ್ಲ ಇಲಿ ಹುಡುಕಿದಳು. ವಾಸನೆ ಹೂವಿನದು ಎಂದು ತಿಳಿದಾಗ ಮನೆಯ ಯಜಮಾನ ಓಣಿಗೆಲ್ಲ ಪೇಡೆ ಹಂಚಿದ. ನಗಬೇಡ. ನಿನಗೆ ಶಾಲು ಬಂದಾಗ ನಾನೂ ಹಂಚಬೇಕೆಂದಿದ್ದೆ.

ಅಮಾವಾಸ್ಯೆಗೆ ಪೇಟೆಗೆ ರಜೆ. ಅಂದು ಬೆಳಿಗ್ಗೆ ಅವರೆಲ್ಲ ಒಬ್ಬರ ಮನೆಯಲ್ಲಿ ಸೇರುತ್ತಿದ್ದರು. ಚುರುಮುರಿ, ಚಹಾ. ಆಮೇಲೆ ಗಿಡ ನೋಡುವುದು. ನೋಡಿದವರು ಹೊಗಳಬೇಕೆಂದೇನೂ ಇರಲಿಲ್ಲ. ಸುಮ್ಮನೆ ನಿಂತು ನೋಡಿದರೆ ಅದೇ ದೊಡ್ಡ ಹೊಗಳಿಕೆ.

ಅವರು ಗಿಡ ಮಾರುತ್ತಿರಲಿಲ್ಲ, ಕೊಳ್ಳುತ್ತಿರಲಿಲ್ಲ. ಕೇಳಿದವನ ಯೋಗ್ಯತೆ ನೋಡಿ ಒಂದು ಕುಡಿ ಕತ್ತರಿಸಿ ಕೊಡುತ್ತಿದ್ದರು. ಅದಕ್ಕೆ ಒಂದೇ ಕಟ್ಟಳೆ. ಕೊಟ್ಟ ಕುಡಿ ಸತ್ತರೆ, ತೆಗೆದುಕೊಂಡವನು ಒಣಗಿದ ಬೇರನ್ನು ಕೈಯಲ್ಲಿ ಹಿಡಿದು ಕೊಟ್ಟವರ ಮನೆಗೆ ಹೋಗಬೇಕು. ನನ್ನ ಕೈಯಲ್ಲಿ ಸತ್ತಿತು ಎಂದು ಹೇಳಬೇಕು. ಹುಳ ಬಿತ್ತು ಎನ್ನಬಾರದು, ಬಿಸಿಲು ಹೆಚ್ಚಾಯಿತು ಎನ್ನಬಾರದು. ಮುಚ್ಚಿಟ್ಟವನಿಗೆ ಮುಂದೆ ಯಾರ ಮನೆಯಲ್ಲೂ ಕುಡಿ ಸಿಗುತ್ತಿರಲಿಲ್ಲ, ಅಮಾವಾಸ್ಯೆಯ ಕರೆಯೂ ಬರುತ್ತಿರಲಿಲ್ಲ.

ನಮ್ಮ ವ್ಯಾಪಾರಿಗೆ ಮೊದಲು ಈ ಚಟ ಇರಲಿಲ್ಲ. ಹತ್ತಿಯ ಧೂಳಿಗೆ ಅವನಿಗೆ ಕೆಮ್ಮು ಹತ್ತಿತು. ಆ ಊರಿನಲ್ಲಿ ಒಬ್ಬರು ವೈದ್ಯೆ ಇದ್ದರು. ಜನ ಅವರನ್ನು ಡಾಕ್ಟರಬಾಯಿ ಎನ್ನುತ್ತಿದ್ದರು. ಔಷಧಿಗೆ ಅವರ ಮನೆಗೆ ಹೋದಾಗ ವ್ಯಾಪಾರಿ ಕಿಟಕಿಯ ಪಕ್ಕ ಒಂದು ಬಳ್ಳಿ ಕಂಡ. ತೆಂಗಿನ ನಾರು ಸುತ್ತಿದ ಕೋಲಿಗೆ ಹಬ್ಬಿದ್ದ ಬಳ್ಳಿ. ಅಂಗೈಗಿಂತ ಅಗಲವಾದ ಎಲೆ. ಪ್ರತಿ ಎಲೆಯೂ ಅರ್ಧ ಹಸಿರು, ಅರ್ಧ ಬಿಳಿ. ಆ ಬಿಳುಪು ಅವನು ಕಂಡ ಅತ್ಯುತ್ತಮ ಹತ್ತಿಯ ಬಿಳುಪಾಗಿತ್ತು. ಅವನ ಕೆಮ್ಮು ಅಲ್ಲಿಯೇ ನಿಂತಿತು.

ಕೆಮ್ಮು ವಾಸಿಯಾದ ಮೇಲೂ ಅವನು ಮೂರು ಸಲ ಹೋದ. ಮೂರನೆಯ ಸಲ ಡಾಕ್ಟರಬಾಯಿ ನಕ್ಕು, ಒಂದು ಕುಡಿ ಕತ್ತರಿಸಿ ಕೊಟ್ಟರು.

"ಸಾಹುಕಾರ್ರ, ಎರಡು ಮಾತು ನೆಪ್ಪಿಡ್ರಿ. ಪೂರಾ ಹಸರು ಕುಡಿ ಬಂದ್ರ ಕತ್ತರಿಸಿ ಒಗೀರಿ. ಇಲ್ಲಂದ್ರ ಬಳ್ಳಿ ಬಿಳುಪು ಮರೀತೈತಿ. ಪೂರಾ ಬಿಳಿ ಕುಡಿ ಬಂದ್ರ ಅದನ್ನೂ ಕತ್ತರಿಸಿ ಒಗೀರಿ."

ಮೊದಲ ಮಾತು ಅವನ ಕಿವಿಗೆ ಸಕ್ಕರೆಯಾಯಿತು. ಅದು ಅವನ ಕಸುಬಿನ ಮಾತೇ ಆಗಿತ್ತು. ಎರಡನೆಯ ಮಾತು ಬರುವಾಗ ಅವನು ಕುಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದ.

ಮನೆಗೆ ತಂದು ಪಡಸಾಲೆಯ ಮೂಡಣ ಕಿಟಕಿಯಲ್ಲಿ ನೆಟ್ಟ. ಕುಡಿ ಹತ್ತಿತು. ಮೊದಲ ವರ್ಷ ಅವನಿಗೆ ಬೇರೆ ಮಾತಿಲ್ಲ. ಹೊಸ ಎಲೆ ಸುರುಳಿಯಾಗಿ ಬರುತ್ತದೆ, ಬಿಚ್ಚಲು ನಾಲ್ಕು ದಿನ ಬೇಕು. ಆ ನಾಲ್ಕು ದಿನ ಅವನು ಅಂಗಡಿಗೆ ತಡವಾಗಿ ಹೋದ. ಒಂದು ಸಲ ಬುಡದಿಂದ ಪೂರ್ತಿ ಹಸಿರು ಕುಡಿ ಬಂತು. ಡಾಕ್ಟರಬಾಯಿ ಹೇಳಿದಂತೆ ಕತ್ತರಿಸಿ ಎಸೆದ. ಕೆಳಗಡೆ ನಾಲ್ಕು ಹಸಿರೆಲೆ ಮೊದಲಿನಿಂದಲೂ ಇದ್ದವು. ಮೇಲೆ ಅರ್ಧ ಹಸಿರು, ಅರ್ಧ ಬಿಳಿ. ಬಳ್ಳಿ ಕೋಲಿನ ತುದಿ ಮುಟ್ಟಿತು. ಅಮಾವಾಸ್ಯೆಗೆ ಬಂದವರು ಸುಮ್ಮನೆ ನಿಂತು ನೋಡಿದರು. ಅಂದು ವ್ಯಾಪಾರಿಯ ಕಾಲು ನೆಲದ ಮೇಲಿರಲಿಲ್ಲ.

ಅಲ್ಲಿಗೆ ನಿಂತಿದ್ದರೆ ನಾನು ನಿನಗೆ ಹೇಳಲು ಕತೆ ಇರುತ್ತಿರಲಿಲ್ಲ.

ಆದರೆ ಕಣ್ಣು ಪಳಗಿತ್ತಲ್ಲ, ಅದು ಸುಮ್ಮನಿರಲಿಲ್ಲ. ಒಂದು ಬೆಳಿಗ್ಗೆ ಬಿಳಿ ಎಲೆಯ ನಡುವಿನ ಹಸಿರು ಅವನಿಗೆ ಹತ್ತಿಯೊಳಗಿನ ಕಸದ ಹಾಗೆ ಕಂಡಿತು. ಬೆರಳು ತಾನಾಗಿ ಅತ್ತ ಹೋಯಿತು. ಹಸಿರು ಹೆಚ್ಚಿದ್ದ ಎಲೆಯನ್ನು ಗಿಣ್ಣಿನ ಹತ್ತಿರ ಕತ್ತರಿಸಿದ. ಮುಂದೆ ಬಂದ ಎಲೆ ಇನ್ನೂ ಬೆಳ್ಳಗಿತ್ತು. ಅವನು ಮತ್ತೆ ಕತ್ತರಿಸಿದ. ಮತ್ತೆ ಬಂದದ್ದು ಮತ್ತಷ್ಟು ಬಿಳಿ. ಹತ್ತಿಯಲ್ಲಿ ಕಸ ಆರಿಸಿದಷ್ಟೂ ಬೆಲೆ. ಬಳ್ಳಿಯಲ್ಲೂ ಹಾಗೇ ಎಂದು ಅವನು ತಿಳಿದ. ಮೂವತ್ತು ವರ್ಷ ಅವನಿಗೆ ಅನ್ನ ಕೊಟ್ಟ ತಿಳಿವಳಿಕೆ ಅದು, ಅದನ್ನು ಅನುಮಾನಿಸುವುದು ಅವನಿಗೆ ಹೊಳೆಯಲೇ ಇಲ್ಲ.

ಕೊನೆಗೆ ಒಂದು ಎಲೆ ಬಂತು. ಸುರುಳಿ ಬಿಚ್ಚಿತು. ತೊಟ್ಟಿನಿಂದ ತುದಿಯವರೆಗೆ ಬಿಳಿ. ಹಸಿರಿನ ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಅದರ ಮೇಲಿನ ಎಲೆಯೂ ಹಾಗೆಯೇ. ಅದರ ಮೇಲಿನದೂ ಹಾಗೆಯೇ.

ಅವನು ಅಮಾವಾಸ್ಯೆಗೆ ಎಲ್ಲರನ್ನೂ ಕರೆದ. ವಕೀಲ ಬಂದ, ಮೇಷ್ಟರು ಬಂದರು. ಕರೆಯದವರೂ ಬಂದರು. ಮೇಷ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಪಡಸಾಲೆಯಲ್ಲಿ ಒಂದು ಮಾತಿಲ್ಲ. ಚಹಾ ಆರಿ ಹೋಯಿತು. ಡಾಕ್ಟರಬಾಯಿಯೂ ಬಂದಿದ್ದರು. ಅವರು ಬಾಗಿ ಬುಡ ನೋಡಿದರು. ಕೆಳಗೆ ಹಸಿರೆಲೆ ಇನ್ನು ಎರಡೇ ಉಳಿದಿದ್ದವು.

"ಚೆಂದ ಐತ್ರಿ ಸಾಹುಕಾರ್ರ. ಇವತ್ತು ನೋಡಿದ್ವಿ. ನಾಳೆ ಈ ಬಿಳಿ ಕುಡಿ ಕತ್ತರಿಸಿಬಿಡ್ರಿ" ಎಂದರು.

ಕೆಲವರು ನಕ್ಕರು. ವ್ಯಾಪಾರಿಗೆ ಮುಖದ ಮೇಲೆ ನೀರು ಎರಚಿದ ಹಾಗಾಯಿತು. ಈಕೆಯ ಮನೆಯ ಬಳ್ಳಿಯಲ್ಲಿ ಪೂರ್ತಿ ಬಿಳಿಯ ಎಲೆ ಒಂದೂ ಇಲ್ಲ. ಇದು ಹೊಟ್ಟೆಕಿಚ್ಚು ಎಂದುಕೊಂಡ.

"ಕತ್ತರಿಸೂ ಮಾತು ಎಲ್ಲೈತ್ರಿ ಬಾಯಾರ? ಮುಂದಿನ ಅಮಾಸಿಗೆ ಬರ್ರಿ. ಈ ಬಳ್ಳ್ಯಾಗ ಹಸರು ಅನ್ನೂದು ಹುಡುಕಿದ್ರೂ ಸಿಗಬಾರದು, ಹಂಗ ಮಾಡಿ ತೋರಸ್ತೀನಿ" ಎಂದ.

"ಹಸರೆಲಿ ಒಂದೂ ಇಡಲಿಲ್ಲಂದ್ರ ಅದು ಉಣ್ಣೂದು ಎಲ್ಲಿಂದ್ರಿ?"

"ನೀರು ಐತಿ, ಗೊಬ್ಬರ ಐತಿ. ನನ್ನ ಮನ್ಯಾಗ ಯಾರ ಉಣ್ಣಾಕೂ ಕಡಿಮಿ ಇಲ್ಲ."

ಎಲ್ಲರೂ ಕೇಳಿದರು. ಹತ್ತಿ ಪೇಟೆಯಲ್ಲಿ ಅವನು ಆಡಿದ ಮಾತು ಒಮ್ಮೆಯೂ ತಪ್ಪಿದ್ದಿಲ್ಲ. ಈಗ ಹೆಸರು ಆ ಬಳ್ಳಿಯ ಮೇಲೆ ನಿಂತಿತು.

ಉಳಿದ ಎರಡು ಹಸಿರೆಲೆಗಳನ್ನೂ ಅರ್ಧ ಹಸಿರಿನ ಎಲೆಗಳನ್ನೂ ಅವನು ಮರುದಿನವೇ ಕತ್ತರಿಸಿದ. ಹೆಂಡತಿ ಅಡುಗೆಮನೆಯಿಂದ ಬಂದು ನೋಡಿದಳು. ಎಲೆ ಒರೆಸುವುದು, ನೀರು ಹಾಕುವುದು ಅವಳ ಕೆಲಸ. ಬಳ್ಳಿಯ ಲೆಕ್ಕ ಅವನಿಗಿಂತ ಅವಳಿಗೆ ಹೆಚ್ಚು ಗೊತ್ತಿತ್ತು.

"ಕೆಳಗ ಹಸರೆಲಿ ನಾಕು ಇದ್ದಾಗ ತಿಂಗಳಿಗೆ ಎರಡು ಎಲಿ ಬರ್ತಿದ್ವು. ಎರಡು ಉಳದಾಗ ಒಂದು ಬಂತು. ಈಗ ಒಂದೂ ಇಲ್ಲ. ಏನು ಬರ್ತೈತಿ ನೋಡೂಣು" ಎಂದಳು.

ಅವನು ಕತ್ತರಿ ಒರೆಸಿ ಒಳಗಿಟ್ಟ. ಬಿದ್ದ ಹಸಿರೆಲೆಗಳನ್ನು ಅವಳೇ ಗುಡಿಸಿ ಹೊರಗೆ ಹಾಕಿದಳು.

ಮುಂದಿನ ಅಮಾವಾಸ್ಯೆಗೆ ಬಳ್ಳಿ ಪೂರ್ತಿ ಬೆಳ್ಳಗಿತ್ತು. ಅಂಥದ್ದನ್ನು ಆ ಊರು ಕಂಡಿರಲಿಲ್ಲ. ಪರ ಊರಿನವರು ನೋಡಲು ಬಂದರು. ಪತ್ರಿಕೆಯವರು ಫೋಟೋ ತೆಗೆದುಕೊಂಡು ಹೋದರು. ಪೇಟೆಯ ಜನ ತಮ್ಮ ಊರಿನ ಹೆಸರು ಹೇಳುವಾಗ ಹತ್ತಿಯ ಜೊತೆಗೆ ಬಳ್ಳಿಯನ್ನೂ ಹೇಳತೊಡಗಿದರು. ವ್ಯಾಪಾರಿ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ಬಂದವರಿಗೆಲ್ಲ ಚಹಾ. ಅವನ ಜೀವಮಾನದಲ್ಲಿ ಅಂಥ ತಿಂಗಳು ಇನ್ನೊಂದಿಲ್ಲ. ಆ ಒಂದು ತಿಂಗಳ ಸುಖವನ್ನು ನಾನು ಸುಳ್ಳೆನ್ನುವುದಿಲ್ಲ. ಅದು ನಿಜವಾಗಿಯೂ ಚೆಂದವಿತ್ತು.

ಆಮೇಲೆ ಒಂದು ಎಲೆಯ ಅಂಚು ಕಂದಿತು. ಅವನು ಅಂಚನ್ನು ಕತ್ತರಿಸಿದ. ಇನ್ನೊಂದರ ತುದಿ ಚಹಾದ ಬಣ್ಣಕ್ಕೆ ತಿರುಗಿತು. ನೀರು ಹೆಚ್ಚು ಹಾಕಿದ. ಯಾರೋ ಗೊಬ್ಬರ ಎಂದರು, ಹಾಕಿದ. ಯಾರೋ ಹಾಲು ಬೆರೆಸಿದ ನೀರು ಎಂದರು, ಅದನ್ನೂ ಹಾಕಿದ. ಉಣ್ಣಲು ಏನೂ ಕಡಿಮೆ ಮಾಡಲಿಲ್ಲ. ಬಳ್ಳಿಯ ಮುಂದೆ ಎಲ್ಲವೂ ಇತ್ತು, ಆದರೆ ಅದನ್ನು ಅಡಿಗೆ ಮಾಡುವ ಎಲೆ ಒಂದೂ ಇರಲಿಲ್ಲ. ಹೊಸ ಎಲೆ ಬರಲಿಲ್ಲ. ಇದ್ದ ಎಲೆಗಳು ಒಂದೊಂದಾಗಿ ಒದ್ದೆ ಕಾಗದದ ಹಾಗೆ ಜೋತುಬಿದ್ದವು. ನಾಲ್ಕನೆಯ ವಾರಕ್ಕೆ ಕೋಲು ಉಳಿಯಿತು, ಕೋಲಿಗೆ ಸುತ್ತಿದ ನಾರು ಉಳಿಯಿತು.

ಅವನು ಎರಡು ದಿನ ಅಂಗಡಿ ತೆರೆಯಲಿಲ್ಲ. ಪಡಸಾಲೆಯ ಕಿಟಕಿ ಮುಚ್ಚಿದ. ನೋಡಲು ಬಂದವರಿಗೆ ಮೈಗೆ ಹುಷಾರಿಲ್ಲ ಎಂದು ಹೇಳಿಸಿದ.

ದಾರಿಗಳು ಇದ್ದವು. ಕಳುವಾಯಿತು ಎಂದರೆ ಊರು ನಂಬುತ್ತಿತ್ತು. ಅಷ್ಟು ಹೆಸರಾದ ಬಳ್ಳಿಯನ್ನು ಕಳ್ಳ ಒಯ್ದಿದ್ದರೆ ಅದೂ ಒಂದು ಕೀರ್ತಿಯೇ. ಮಹಾನಗರದ ದೊಡ್ಡವರೊಬ್ಬರಿಗೆ ಕಾಣಿಕೆ ಕೊಟ್ಟೆ ಎಂದರೂ ನಡೆಯುತ್ತಿತ್ತು. ಎರಡು ದಿನ ಅವನು ಈ ಎರಡು ಮಾತುಗಳನ್ನು ಬಾಯಲ್ಲಿ ಹೊರಳಿಸಿ ನೋಡಿದ. ಬೇರು ಹಿಡಿದು ಹೋದರೆ, ತಾನು ಹೊಟ್ಟೆಕಿಚ್ಚಿನವಳೆಂದು ತಿಳಿದ ಹೆಂಗಸಿನ ಮುಂದೆ ಎಲ್ಲರ ಎದುರಿಗೆ ನಿಲ್ಲಬೇಕು. ಹೋಗದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವನಿಗೊಬ್ಬನಿಗೆ ಬಿಟ್ಟು.

ಮೂರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ಕುಂಡದಿಂದ ಬೇರು ಕಿತ್ತ. ಹೆಂಡತಿ ಒಂದು ಚೀಲ ತಂದು ಹಿಡಿದಳು, ಒಳಗಿಟ್ಟುಕೊಂಡು ಹೋಗಲಿ ಎಂದು.

"ಬ್ಯಾಡ. ಇಷ್ಟು ವರ್ಷ ನನ್ನ ಅಂಡಗಿ ಮ್ಯಾಲೊಂದು ಒಳಗೊಂದು ಇರಲಿಲ್ಲ. ಇವತ್ತೂ ಇರಬಾರದು" ಎಂದ.

ಹತ್ತಿಯ ಮಾದರಿ ತೋರಿಸುವಾಗ ವ್ಯಾಪಾರಿಗಳು ಅಂಗೈ ತೆರೆದು ಮೇಲೆ ಹಿಡಿಯುತ್ತಾರೆ. ಹಾಗೆ ಹಿಡಿದು ಹೊರಟ. ಹಿಂದಿನ ಓಣಿಯಿಂದ ಹೋಗಬಹುದಿತ್ತು. ಅವನು ಪೇಟೆಯ ನಡುವಿನಿಂದ ಹೋದ. ಅಂಗಡಿಯವರು ಎದ್ದು ನಿಂತು ನೋಡಿದರು. ಅವನ ಕೈಯಲ್ಲಿದ್ದುದು ಏನೆಂದು ಎಲ್ಲರಿಗೂ ತಿಳಿಯಿತು. ವಕೀಲ ತನ್ನ ಕಚೇರಿಯ ಮೆಟ್ಟಿಲಿಳಿದು ಬಂದು ನಾಲ್ಕು ಹೆಜ್ಜೆ ಜೊತೆಗೆ ನಡೆದ. ಆ ಬೆಳಿಗ್ಗೆ ಆ ವ್ಯಾಪಾರಿ ನಡೆದಂತೆ ಶಾಲು ಹೊದ್ದವರೂ ನಡೆಯುವುದಿಲ್ಲ. ತಲೆ ಬಗ್ಗಿರಲಿಲ್ಲ.

ಡಾಕ್ಟರಬಾಯಿಯ ಮನೆಯಲ್ಲಿ ಹತ್ತಾರು ರೋಗಿಗಳು ಕೂತಿದ್ದರು. ಅವನು ಬಾಗಿಲಲ್ಲಿ ನಿಂತು ಕೈ ಚಾಚಿದ.

"ಬಾಯಾರ, ನೀವು ಕೊಟ್ಟ ಬಳ್ಳಿ ನನ್ನ ಕೈಯಾಗ ಸತ್ತೈತ್ರಿ. ಎರಡು ಸಲ ಹೇಳಿದ್ರಿ. ನಾ ಕೇಳಲಿಲ್ಲ. ನಿಮ್ಮ ಮ್ಯಾಲ ಕೆಟ್ಟ ವಿಚಾರನೂ ಮಾಡಿದೆ."

ಡಾಕ್ಟರಬಾಯಿ ಎದ್ದು ಬಂದು, ರೋಗಿಯ ನಾಡಿ ಹಿಡಿಯುವ ಹಾಗೆ ಆ ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು.

"ನನಗ ಇದನ್ನ ಕೊಟ್ಟವರ ಮನಿಗೆ ನಾನೂ ಹಿಂಗ ನಡಕೊಂಡು ಹೋಗೀನ್ರಿ. ಒಂದು ಸಲ ಅಲ್ಲ, ಎರಡು ಸಲ. ಬಿಳಿ ಎಲಿ ಉಣ್ಣತೈತಿ, ಅಡಗಿ ಮಾಡೂದಿಲ್ಲ. ಬಿಸಲಿನ್ಯಾಗ ನಿಂತು ಅಡಗಿ ಮಾಡೂದು ಹಸರೆಲಿ. ಮೊದಲನೇ ಸಲ ನನಗೂ ಇದು ತಿಳೀಲಿಲ್ಲ. ಎರಡನೇ ಸಲ ತಿಳದೂ ಮನಸ್ಸು ತಡೀಲಿಲ್ಲ" ಎಂದರು.

ಆಮೇಲೆ ಒಳಗೆ ಹೋಗಿ ಕತ್ತರಿ ತಂದು, ಕಿಟಕಿಯ ಬಳ್ಳಿಯಿಂದ ಇನ್ನೊಂದು ಕುಡಿ ಕತ್ತರಿಸಿ ಅವನ ಅಂಗೈಯಲ್ಲಿಟ್ಟರು. ಅದರ ಎಲೆಗಳು ಹೆಚ್ಚುಕಡಿಮೆ ಹಸಿರೇ. ಒಂದು ಎಲೆಯ ನಡುವೆ ಮಾತ್ರ ದಾರದಷ್ಟು ಬಿಳಿ ಗೆರೆ ಇತ್ತು. ಬೇರೆ ಯಾರಾದರೂ ಆಗಿದ್ದರೆ ಇದೇನು ಕೊಟ್ಟಿರಿ ಎಂದು ಕೇಳುತ್ತಿದ್ದರು. ವ್ಯಾಪಾರಿ ಕೇಳಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು ಬಂದ ದಾರಿಯಲ್ಲೇ ಮನೆಗೆ ನಡೆದ. ಅಂಗಡಿಯವರು ಮತ್ತೆ ಎದ್ದು ನಿಂತರು.

ಕತೆ ಮುಗಿಯುತ್ತ ಬಂತು, ಚಡಪಡಿಸಬೇಡ.

ಹೊಸ ಕುಡಿಗೆ ಎರಡು ವರ್ಷ ಹಿಡಿಯಿತು. ಪೂರ್ತಿ ಹಸಿರು ಕುಡಿ ಬಂದರೆ ಕತ್ತರಿಸಿದ, ಪೂರ್ತಿ ಬಿಳಿ ಕುಡಿ ಬಂದರೂ ಕತ್ತರಿಸಿದ. ಬಿಳಿಯದನ್ನು ಕತ್ತರಿಸುವ ದಿನ ಮಾತ್ರ ಅವನಿಗೆ ಊಟ ಸೇರುತ್ತಿರಲಿಲ್ಲ. ಮನುಷ್ಯನಲ್ಲವೇ. ಹೆಂಡತಿ ಅಂದು ಒಗ್ಗರಣೆಗೆ ಧಾರಾಳವಾಗಿ ಕರಿಬೇವು ಹಾಕುತ್ತಿದ್ದಳು, ಅವನು ಹೆಕ್ಕದೆ ಉಣ್ಣುತ್ತಿದ್ದ. ಬಳ್ಳಿ ಕೋಲನ್ನು ದಾಟಿ ಕಿಟಕಿಯ ಮೇಲಿನ ತೊಲೆಗೆ ಹತ್ತಿತು. ಮೇಲೆ ಅರ್ಧ ಹಸಿರು, ಅರ್ಧ ಬಿಳಿಯ ಎಲೆಗಳು, ಒಂದೊಂದೂ ಬಿದಿರಿನ ಮೊರದಷ್ಟು. ಮೊದಲಿನ ಬಳ್ಳಿಗಿಂತ ಎರಡು ಪಟ್ಟು ದೊಡ್ಡದು. ಈ ಸಲ ಅಮಾವಾಸ್ಯೆಗೆ ಬಂದವರು ನಿಂತು ನಿಂತು ಕಾಲು ನೋಯಿಸಿಕೊಂಡರು.

ಒಬ್ಬ ಹೊಸಬ ಬಂದಿದ್ದ. ಅವನು ತಲೆ ಎತ್ತಿ ತೊಲೆಯ ಹತ್ತಿರದ ಅತಿ ಬೆಳ್ಳಗಿನ ಎಲೆಯನ್ನು ತೋರಿಸಿ, ಸಾಹುಕಾರರೇ, ನಿಮ್ಮ ಹೆಮ್ಮೆಯ ಎಲೆ ಅದೇ ಅಲ್ಲವೇ ಎಂದು ಕೇಳಿದ.

ವ್ಯಾಪಾರಿ ಅವನ ರಟ್ಟೆ ಹಿಡಿದು ಕೆಳಗೆ ಕೂರಿಸಿದ. ಕುಂಡದ ಅಂಚಿನಲ್ಲಿ ಒಂದು ಹಳೆಯ ಎಲೆ ಇತ್ತು. ದಪ್ಪ, ಒರಟು, ಕಡು ಹಸಿರು. ಒಂದು ಮೂಲೆ ಹರಿದಿತ್ತು.

"ನಮ್ಮ ಮನಿ ಹಿರೀ ಎಲಿ ಇದು ನೋಡ್ರಿ. ಎರಡು ವರ್ಷಾತು, ಒಂದು ದಿನ ಕೆಲಸಾ ಬಿಟ್ಟಿಲ್ಲ. ಮ್ಯಾಲಿನವೆಲ್ಲ ಇದರ ಕೈಯಾಗ ಉಂಡು ಬೆಳ್ಳಗ ಕಾಣತಾವ" ಎಂದ. ಹಾಗೆ ಹೇಳುವಾಗ ಅವನ ಕಣ್ಣು ತುಂಬಿತ್ತು. ಮೀಸೆಯ ಮೇಲೆ ಕೈಯೂ ಹೋಗಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಚನ್ನಮಲ್ಲ ಚುರುಕು ಬುದ್ಧಿಯವನು. ಕತೆಯ ಒಳಗು ಅವನಿಗೆ ತಕ್ಷಣ ತಿಳಿಯಿತು. ಅವನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಬಿಳಿಯೆಲೆ ಕಣ್ಣಿಗೆ ಕಾಣುತ್ತದೆ, ಹಸಿರೆಲೆ ಅದನ್ನು ಕಾಣುವಂತೆ ಮಾಡುತ್ತದೆ. ಆ ಹತ್ತು ಮಂದಿ ನಮ್ಮ ಮಠದ ಹಸಿರೆಲೆಗಳು. ಅವರನ್ನು ಕಳಿಸಬೇಕೆಂದದ್ದು ನನ್ನ ತಪ್ಪು. ಎಂಥ ದೃಷ್ಟಾಂತ! ಮುಂದಿನ ಸಭೆಯಲ್ಲಿ ನಾನು ಇದನ್ನೇ ಹೇಳುತ್ತೇನೆ. ಜನ ತಲೆದೂಗುತ್ತಾರೆ."

ಗುರುಗಳು ಅವನ ಮುಖವನ್ನು ಪ್ರೀತಿಯಿಂದಲೇ ನೋಡಿದರು.

"ಹೇಳುವೆಯಂತೆ. ಮೊನ್ನೆ ನೀನು ಸಭೆಗೆ ಹೋದ ದಿನ ಇಲ್ಲಿ ನಿನ್ನ ಪಾಲಿನ ನೀರು ಸೇದಿದವನ ಹೆಸರೇನು?"

ಚನ್ನಮಲ್ಲನಿಗೆ ಅದು ಗೊತ್ತಿರಲಿಲ್ಲ; ಮಡಿಸಿದ ಶಾಲನ್ನು ಅಲ್ಲೇ ಬಿಟ್ಟು, ಆ ಹೆಸರು ಕೇಳಲು ಬಾವಿಯ ಕಡೆಗೆ ಎದ್ದು ನಡೆದ.